ವಿಳಾಸ ಒಂದೇ ಸಲ ಟೈಪ್ ಆಗಲಿ: ಉಪ್ಪಿನಕಾಯಿ ಆರ್ಡರ್‌ಗಳ ಕೆಲಸ ಹಗುರ ಮಾಡಿಕೊಂಡ ಬಗೆ

ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅತ್ತೆ, ನಾನು ಮತ್ತು ಪಕ್ಕದ ಮನೆಯವರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಮಿಡಿ ಕೊಯ್ಲು, ಉಪ್ಪಿಗೆ ಹಾಕುವುದು, ಹಪ್ಪಳದ ಹಿಟ್ಟು ಕುಟ್ಟುವುದು ಎಲ್ಲವೂ ಬೇಸಿಗೆಯ ಕೆಲವೇ ವಾರಗಳಲ್ಲಿ ಮುಗಿಯಬೇಕು. ಬೆಂಗಳೂರು, ಮುಂಬೈ, ಪುಣೆಯಿಂದ ಆರ್ಡರ್ ಬರುವುದೂ ಅದೇ ವಾರಗಳಲ್ಲಿ. ಕೈಯೆಲ್ಲ ಖಾರದಪುಡಿ ಮೆತ್ತಿಕೊಂಡಿರುವಾಗ ಮೊಬೈಲ್ ಮುಟ್ಟುವ ಹಾಗಿಲ್ಲ. ಆದ್ದರಿಂದ ಮೊಬೈಲಿನ ಕೆಲಸವನ್ನೇ ಕಡಿಮೆ ಮಾಡಬೇಕಿತ್ತು.

ಮೊದಲು ಮಾಡಿದ್ದು ಒಂದೇ ಒಂದು ಆರ್ಡರನ್ನು ಹಿಡಿದು, ಅದು ಎಲ್ಲೆಲ್ಲಿ ಹಾದುಹೋಗುತ್ತದೆ ಎಂದು ನೋಡಿದ್ದು. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ವಿಳಾಸ ಕಳಿಸುತ್ತಾರೆ. ನಾನು ಅದನ್ನು ನೋಟ್‌ಬುಕ್ಕಿಗೆ ಇಳಿಸುತ್ತೇನೆ. ಅತ್ತೆ ಪಾರ್ಸೆಲ್ ಮೇಲೆ ಬರೆಯುತ್ತಾರೆ. ಪೋಸ್ಟ್ ಮಾಡಿದ ಮೇಲೆ ಇಂಥವರಿಗೆ ಹೋಯಿತು ಎಂದು ಮತ್ತೆ ಮೆಸೇಜ್. ಲೆಕ್ಕದ ಪುಸ್ತಕದಲ್ಲಿ ಅದೇ ಹೆಸರು ಇನ್ನೊಮ್ಮೆ. ಒಂದೇ ಹೆಸರು, ಒಂದೇ ಊರು, ಮತ್ತೆ ಮತ್ತೆ ಬರವಣಿಗೆ. ಅದಕ್ಕೇ ನಾನು ಹಾಕಿಕೊಂಡ ನಿಯಮ ಇಷ್ಟು: ವಿಳಾಸ ಒಂದೇ ಸಲ ಟೈಪ್ ಆಗಬೇಕು, ಅದನ್ನು ವಿಳಾಸದವರೇ ಮಾಡಬೇಕು. ಮುಂದಿನದೆಲ್ಲ ಇದರ ಬೆನ್ನಿಗೇ ಬಂತು.

ಗೂಗಲ್ ಫಾರ್ಮ್ ಒಂದನ್ನು ಕನ್ನಡದಲ್ಲಿ ಮಾಡಿದೆ. ಹೆಸರು, ಮೊಬೈಲ್, ವಿಳಾಸ, ಪಿನ್ ಕೋಡ್, ಏನು ಬೇಕು, ಎಷ್ಟು ಬೇಕು, ಇಷ್ಟೇ. ಪಿನ್ ಕೋಡ್ ಪ್ರಶ್ನೆಗೆ ‘ರೆಸ್ಪಾನ್ಸ್ ವ್ಯಾಲಿಡೇಶನ್’ನಲ್ಲಿ 100000 ಮತ್ತು 999999ರ ನಡುವಿನ ಸಂಖ್ಯೆ ಮಾತ್ರ ಎಂದು ಕೊಟ್ಟೆ. ಮೊಬೈಲಿಗೆ 6000000000ರಿಂದ 9999999999. ನಮ್ಮ ದೇಶದ ಮೊಬೈಲ್ ನಂಬರ್‌ಗಳು 6, 7, 8, 9ರಿಂದಲೇ ಶುರುವಾಗುವುದರಿಂದ ಒಂದು ಅಂಕಿ ಬಿಟ್ಟರೂ, ಮುಂದೆ 91 ಸೇರಿಸಿದರೂ ಫಾರ್ಮ್ ಅಲ್ಲೇ ತಡೆದು ಹೇಳುತ್ತದೆ. ‘10 ಅಂಕಿ ಮಾತ್ರ ಹಾಕಿ’ ಎಂಬ ಸೂಚನೆಯನ್ನೂ ನಾವೇ ಕನ್ನಡದಲ್ಲಿ ಬರೆದಿಡಬಹುದು. ತಪ್ಪು ಪಿನ್ ಕೋಡ್ ಅಂದರೆ ಪಾರ್ಸೆಲ್ ಊರೂರು ಸುತ್ತುವುದು; ಈ ಎರಡು ಸಾಲಿನ ಕಾವಲು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ ಎಂದೇ ನನ್ನ ಅಭಿಪ್ರಾಯ.

ಫಾರ್ಮಿನ ಉತ್ತರಗಳು ತಾವಾಗಿಯೇ, ಸಾಲು-ಕಂಬಗಳ ಕೋಷ್ಟಕವಾದ ಗೂಗಲ್ ಶೀಟ್‌ಗೆ ಬಂದು ಕೂರುತ್ತವೆ. ಕರ್ನಾಟಕದ ಪಿನ್ ಕೋಡ್‌ಗಳು 56ರಿಂದ 59ರ ಒಳಗೇ ಶುರುವಾಗುತ್ತವೆ. ಅಂಚೆ ವೆಚ್ಚಕ್ಕೆ ನಾವು ರಾಜ್ಯದೊಳಗೆ, ಹೊರಗೆ ಎಂದು ಎರಡೇ ದರ ಇಟ್ಟುಕೊಂಡಿರುವುದರಿಂದ, ಪಿನ್ನಿನ ಮೊದಲ ಎರಡು ಅಂಕಿ ನೋಡುವ ಒಂದು ‘ಇಫ್’ ಸೂತ್ರ ಸಾಕಾಯಿತು. ಒಟ್ಟು ಮೊತ್ತ ಪಕ್ಕದಲ್ಲೇ ಬರುತ್ತದೆ.

ಶೀಟ್‌ನಲ್ಲಿ ಒಂದು ವಿಷಯ ಮೊದಲೇ ತಿಳಿದಿದ್ದರೆ ಒಳ್ಳೆಯದು. ಹೊಸ ಉತ್ತರ ಬಂದಾಗ ಫಾರ್ಮ್ ಹೊಸ ಸಾಲನ್ನೇ ಸೇರಿಸುತ್ತದೆ. ನೀವು ಕೆಳಗಿನವರೆಗೆ ಎಳೆದಿಟ್ಟ ಸೂತ್ರ ಆ ಸಾಲಿಗೆ ಬರುವುದಿಲ್ಲ. ಅದಕ್ಕೆ ಎರಡನೇ ಹಾಳೆ ಮಾಡಿ, ‘ಫಿಲ್ಟರ್’ ಸೂತ್ರದಿಂದ ಹಣ ಬಂದ ಆರ್ಡರ್‌ಗಳನ್ನು ಮಾತ್ರ ಅಲ್ಲಿಗೆ ಎಳೆದುಕೊಂಡೆ. ಲೆಕ್ಕದ ಸೂತ್ರಗಳೆಲ್ಲ ಅಲ್ಲಿ. ಆದರೆ ಕೈಯಿಂದ ಹಾಕುವ ಗುರುತು, ಅಂದರೆ ‘ಹಣ ಬಂತು’, ‘ಪೋಸ್ಟ್ ಆಯಿತು’ ಎಂಬ ಚೆಕ್‌ಬಾಕ್ಸ್‌ಗಳು, ಟ್ರ್ಯಾಕಿಂಗ್ ನಂಬರ್ ಎಲ್ಲ ಮೊದಲ ಹಾಳೆಯಲ್ಲೇ ಇರಬೇಕು. ಎರಡನೆಯದರಲ್ಲಿ ಸಾಲುಗಳು ಮೇಲೆ ಕೆಳಗೆ ಸರಿಯುತ್ತಿರುತ್ತವೆ, ನೀವು ಟೈಪ್ ಮಾಡಿದ್ದು ಸರಿಯುವುದಿಲ್ಲ. ಒಬ್ಬರ ಟ್ರ್ಯಾಕಿಂಗ್ ನಂಬರ್ ಇನ್ನೊಬ್ಬರ ಹೆಸರಿನ ಮುಂದೆ ಕೂತುಬಿಡುತ್ತದೆ.

‘ಹಣ ಬಂತು’ ಎಂಬ ಗುರುತನ್ನು ಮಾತ್ರ ಯಾವ ಸೂತ್ರಕ್ಕೂ ಬಿಟ್ಟಿಲ್ಲ. ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ ನೋಡಿ ಗುರುತು ಹಾಕುವುದೂ ಇಲ್ಲ. ಸಂಜೆ ಬ್ಯಾಂಕಿನ ಆ್ಯಪ್ ತೆರೆದು, 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್ ತಾಳೆ ನೋಡಿಯೇ ಟಿಕ್ ಮಾಡುತ್ತೇನೆ. ದುಡ್ಡಿನ ವಿಷಯದಲ್ಲಿ ಕಣ್ಣು ನನ್ನದೇ ಇರಬೇಕು.

ಇನ್ನು ವಾಟ್ಸ್‌ಆ್ಯಪ್ ಮೆಸೇಜ್. ಡಬ್ಲ್ಯೂಎ ಡಾಟ್ ಎಂಇ (wa.me/) ಎಂಬ ಲಿಂಕ್‌ನ ಮುಂದೆ 91 ಮತ್ತು ಮೊಬೈಲ್ ನಂಬರ್, ಅದರ ಮುಂದೆ ‘?text=’ ಎಂದು ಬರೆದು ಮೆಸೇಜ್ ಸೇರಿಸಿದರೆ, ಒತ್ತಿದ ಕೂಡಲೇ ಅವರ ಚಾಟ್ ತೆರೆದು ಮೆಸೇಜ್ ಸಿದ್ಧವಾಗಿರುತ್ತದೆ. ನಂಬರನ್ನು ಸೇವ್ ಮಾಡಿಕೊಳ್ಳಬೇಕಾಗಿಯೂ ಇಲ್ಲ. ಶೀಟ್‌ನ ‘ಹೈಪರ್‌ಲಿಂಕ್’ ಸೂತ್ರದಿಂದ ಪ್ರತಿ ಸಾಲಿಗೂ ಇಂಥ ಲಿಂಕ್ ತಯಾರಾಗುತ್ತದೆ: ‘ನಮಸ್ಕಾರ, ನಿಮ್ಮ ಪಾರ್ಸೆಲ್ ಇವತ್ತು ಸ್ಪೀಡ್ ಪೋಸ್ಟ್‌ನಲ್ಲಿ ಹೊರಟಿದೆ. ಟ್ರ್ಯಾಕಿಂಗ್ ನಂಬರ್ ಇದು.’ ಹೆಸರು, ನಂಬರ್ ಆಯಾ ಸಾಲಿನಿಂದಲೇ ಬರುತ್ತವೆ. ಮೆಸೇಜ್ ಭಾಗವನ್ನು ‘ಎನ್‌ಕೋಡ್‌ಯುಆರ್‌ಎಲ್’ ಎಂಬ ಸೂತ್ರದೊಳಗೆ ಹಾಕುವುದನ್ನು ಮರೆಯಬಾರದು. ಅದು ಖಾಲಿ ಜಾಗ, ಸಾಲು ಬದಲಾವಣೆ, ಕನ್ನಡ ಅಕ್ಷರ ಎಲ್ಲವನ್ನೂ ಲಿಂಕ್‌ಗೆ ಒಗ್ಗುವ ಸಂಕೇತಕ್ಕೆ ಬದಲಿಸುತ್ತದೆ. ‘ಕ’ ಎಂಬ ಒಂದು ಅಕ್ಷರವೇ ಅಲ್ಲಿ ಒಂಬತ್ತು ಚಿಹ್ನೆಗಳಾಗುತ್ತದೆ. ಹಾಗಾಗಿ ಕನ್ನಡದ ಮೆಸೇಜ್ ಚಿಕ್ಕದಾಗಿದ್ದಷ್ಟೂ ಒಳ್ಳೆಯದು.

ಸೆಂಡ್ ಬಟನ್ ಒತ್ತುವುದು ನಾನೇ. ನೂರಾರು ಜನರಿಗೆ ತಾನೇ ಕಳಿಸುವ ಆ್ಯಪ್‌ಗಳು ಸಿಗುತ್ತವೆ, ಆದರೆ ಹಾಗೆ ಕಳಿಸುವುದು ವಾಟ್ಸ್‌ಆ್ಯಪ್ ನಿಯಮಕ್ಕೆ ವಿರುದ್ಧ, ನಂಬರನ್ನೇ ಬ್ಯಾನ್ ಮಾಡಬಹುದು. ವರ್ಷಗಟ್ಟಲೆ ಜನ ಉಳಿಸಿಕೊಂಡ ನಂಬರ್ ಅದು. ಜೊತೆಗೆ, ಕಳಿಸುವ ಮುಂಚೆ ಒಂದು ಕ್ಷಣ ಹೆಸರು ನೋಡಿದಾಗ ‘ಅಮ್ಮನ ಕಾಲುನೋವು ಹೇಗಿದೆ’ ಎಂದು ಒಂದು ಸಾಲು ಸೇರಿಸಲು ಆಗುತ್ತದೆ. ಅದನ್ನು ಬಿಟ್ಟುಕೊಡಲು ನನಗೆ ಇಷ್ಟವಿಲ್ಲ. ‘ಬೆಲೆ ಎಷ್ಟು’, ‘ಬೆಳ್ಳುಳ್ಳಿ ಹಾಕ್ತೀರಾ’ ಎಂಬ ಪ್ರಶ್ನೆಗಳಿಗೆ ಮಾತ್ರ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈ ಇದೆ. ಸ್ಲ್ಯಾಶ್ ಹಾಕಿ ‘ಬೆಲೆ’ ಎಂದರೆ ಪೂರ್ತಿ ಪಟ್ಟಿ ಬರುತ್ತದೆ.

ಲೇಬಲ್ ವಿಷಯಕ್ಕೆ ಬಂದಾಗ ಅತ್ತೆಗೆ ನಂಬಿಕೆಯೇ ಬರಲಿಲ್ಲ. “ಅಡ್ರೆಸ್ ಬರೆಯೋದೇ ಬೇಡ್ವೇನೇ?” ಎಂದರು. ಬೇಡ. ಶೀಟ್ ಡೌನ್‌ಲೋಡ್ ಮಾಡಿ, ವರ್ಡ್‌ನ ಮೇಲ್ ಮರ್ಜ್‌ನಲ್ಲಿ ಆರಿಸಿದರೆ ಎಲ್ಲ ವಿಳಾಸಗಳೂ ಅಂಟಿಸುವ ಲೇಬಲ್ ಹಾಳೆಯ ಮೇಲೆ ಸಾಲಾಗಿ ಮುದ್ರಣವಾಗುತ್ತವೆ. ಲಿಬ್ರೆ ಆಫೀಸ್‌ನಲ್ಲೂ ಇದು ಉಚಿತವಾಗಿ ಆಗುತ್ತದೆ. ಡೌನ್‌ಲೋಡ್ ಮಾಡುವಾಗ ಸಿಎಸ್‌ವಿ ಬೇಡ, ಎಕ್ಸೆಲ್ ರೂಪವನ್ನೇ ಆರಿಸಿ. ಸಿಎಸ್‌ವಿಯನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳು ಗುರುತು ಸಿಗದಂತೆ ಕೆಡುವುದುಂಟು. ಪ್ಯಾಕೆಟ್ ಮೇಲಿನ ಲೇಬಲ್ಲೂ ಇದೇ ದಾರಿಯಲ್ಲಿ. ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಒಮ್ಮೆ ಹಾಕಿಟ್ಟರೆ ಮುಗಿಯಿತು. ತಯಾರಿಸಿದ ದಿನ ಕೊಟ್ಟರೆ ‘ಎಡೇಟ್’ ಸೂತ್ರ ಎಷ್ಟು ತಿಂಗಳೊಳಗೆ ಬಳಸಬೇಕೋ ಅಷ್ಟು ಕೂಡಿಸಿ ದಿನಾಂಕ ಕೊಡುತ್ತದೆ.

ಫೋನ್ ಮಾಡಿಯೇ ಹೇಳುವ ಹಿರಿಯರು ಇದ್ದಾರೆ. ಅವರಿಗೆ ಲಿಂಕ್ ಕಳಿಸಿ ಫಾರ್ಮ್ ತುಂಬಿ ಎನ್ನುವುದು ಸರಿಯಲ್ಲ. ಅವರು ಹೇಳುತ್ತಿದ್ದಂತೆ ನಾನೇ ಅದೇ ಫಾರ್ಮ್ ತುಂಬುತ್ತೇನೆ. ಎಲ್ಲ ಆರ್ಡರ್‌ಗಳೂ ಒಂದೇ ಬಾಗಿಲಿನಿಂದ ಒಳಗೆ ಬರಬೇಕು. ಎರಡನೇ ನೋಟ್‌ಬುಕ್ ಶುರುವಾದರೆ ಇಡೀ ಏರ್ಪಾಡು ಕೆಡುತ್ತದೆ. ಶೀಟ್‌ನಲ್ಲಿ ಜನರ ಮನೆ ವಿಳಾಸ, ನಂಬರ್ ಇರುವುದರಿಂದ ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಆಯ್ಕೆಯನ್ನು ಕೊಟ್ಟಿಲ್ಲ. ಕೆಲಸ ಮಾಡುವ ನಮ್ಮ ಖಾತೆಗಳಿಗೆ ಮಾತ್ರ ಅದು ತೆರೆಯುತ್ತದೆ.

ಕೊನೆಗೆ ಕಲಿತದ್ದು, ಶೀಟ್‌ಗೆ ಕೆಲಸ ಹೇಳಿಕೊಡುವ ಪುಟ್ಟ ಕೋಡ್ ಬರೆಯುವ ಸೌಲಭ್ಯವಾದ ಆ್ಯಪ್ಸ್ ಸ್ಕ್ರಿಪ್ಟ್. ಶೀಟ್‌ನ ಎಕ್ಸ್‌ಟೆನ್ಶನ್ಸ್ ಮೆನುವಿನಲ್ಲಿ ಅದು ಇರುತ್ತದೆ, ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಕೆಲವೇ ಸಾಲುಗಳ ಕೋಡ್. ಅದಕ್ಕೊಂದು ಟ್ರಿಗರ್ (ಯಾವಾಗ ಓಡಬೇಕೆಂಬ ಸೂಚನೆ) ಇಟ್ಟರೆ ದಿನಾ ಬೆಳಿಗ್ಗೆ ಆರರಿಂದ ಏಳರ ಒಳಗೆ ‘ಇವತ್ತು ಕಟ್ಟಬೇಕಾದ ಪಾರ್ಸೆಲ್‌ಗಳು’ ಎಂಬ ಇಮೇಲ್ ಬರುತ್ತದೆ. ಸಾಮಾನ್ಯ ಜಿಮೇಲ್ ಖಾತೆಯ ಸ್ಕ್ರಿಪ್ಟ್‌ನಿಂದ ದಿನಕ್ಕೆ 100 ಜನರಿಗೆ ಮಾತ್ರ ಇಮೇಲ್ ಕಳಿಸಬಹುದು, ನಮ್ಮೊಳಗಿನ ಬಳಕೆಗೆ ಅದು ಧಾರಾಳ.

ನನಗೆ ಹೆಚ್ಚು ನೆಮ್ಮದಿ ಕೊಟ್ಟದ್ದು ಇನ್ನೊಂದು ಟ್ರಿಗರ್. ಅಪ್ಪೆಮಿಡಿ ಬೇಕೆಂದಷ್ಟು ಸಿಗುವ ವಸ್ತುವಲ್ಲ. ಆ ವರ್ಷ ಮರ ಕೊಟ್ಟಷ್ಟೇ. ಪ್ರತಿ ಆರ್ಡರ್ ಬಂದಾಗಲೂ ಸ್ಕ್ರಿಪ್ಟ್ ಈವರೆಗಿನ ಕಿಲೋಗಳನ್ನು ಕೂಡಿ ನೋಡುತ್ತದೆ. ನಾವು ಬರೆದಿಟ್ಟ ಮಿತಿ ಮುಟ್ಟಿದೊಡನೆ ಫಾರ್ಮ್ ತಾನೇ ಮುಚ್ಚಿಕೊಳ್ಳುತ್ತದೆ. ತೆರೆದವರಿಗೆ ‘ಈ ವರ್ಷದ ಮಿಡಿ ಮುಗಿದಿದೆ, ಹಪ್ಪಳ ಬೇಕಿದ್ದರೆ ಫೋನ್ ಮಾಡಿ’ ಎಂಬ ಸಾಲು ಕಾಣುತ್ತದೆ. ಮಿತಿಯನ್ನು ಭರಣಿಯಲ್ಲಿರುವುದಕ್ಕಿಂತ ಎರಡು ಕಿಲೋ ಕಡಿಮೆಯೇ ಇಡುತ್ತೇವೆ. ಬಾಣಂತಿ ಇರುವ ಮನೆಯಿಂದಲೋ, ದೂರದ ನೆಂಟರಿಂದಲೋ ತಡವಾಗಿ ಫೋನ್ ಬಂದೇ ಬರುತ್ತದೆ, ಆ ಎರಡು ಕಿಲೋ ಯಾರಿಗೆ ಎಂದು ಅತ್ತೆ ಹೇಳುತ್ತಾರೆ.