ಹಿಮ ನೋಡದವರು ಹಿಮದ ಕಾಡು ಬರೆಯುವುದು ಹೇಗೆ?

ನಾನು ಶಿವಮೊಗ್ಗದವನು. ಹಿಮ ಅಂದ್ರೆ ನನಗೆ ಫ್ರಿಜ್ಜಿನಲ್ಲಿ ಕಟ್ಟಿಕೊಳ್ಳುವುದಷ್ಟೇ ಗೊತ್ತು. ಆದರೂ ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನನ ‘ಕರಗುವ ಹಿಮ, ಫಾಂಟೇನ್‌ಬ್ಲೋ’ ಎಂಬ ಫ್ರಾನ್ಸಿನ ಕಾಡಿನ ಚಿತ್ರವನ್ನು ಮೂರು ಸಲ ನಕಲು ಮಾಡಿದ್ದೇನೆ. ಧೈರ್ಯ ಬಂದದ್ದಕ್ಕೆ ಕಾರಣವಿದೆ. ಬಯಲಿನಲ್ಲಿ ನಿಂತು ಬರೆಯುತ್ತಿದ್ದ ಸೆಜಾನ್ ಕೂಡ 1879–80ರಲ್ಲಿ ಇದನ್ನು ಬರೆದದ್ದು ಫೋಟೋ ಇಟ್ಟುಕೊಂಡು. ಆ ಕಾಲದ ಫೋಟೋದಲ್ಲಿ ಬಣ್ಣ ಎಲ್ಲಿಂದ ಬರಬೇಕು? ನೀಲಿ, ಕಂದು, ಹಸಿರು ಎಲ್ಲಾ ಅವನೇ ತುಂಬಿದ್ದು.

ಹಾಗಾಗಿ ನೀವೂ ಕಪ್ಪು-ಬಿಳುಪು ಪ್ರಿಂಟ್ ತೆಗೆಸಿ. ಬಣ್ಣದ್ದನ್ನು ಮೊಬೈಲಿನಲ್ಲಿ ಹತ್ತು ನಿಮಿಷ ನೋಡಿ, ಎತ್ತಿಡಿ. ಮೂಲ ಚಿತ್ರ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ, ಒಂದು ಮೀಟರ್ ಅಗಲ. ನಮಗೆ 12×16 ಇಂಚಿನ ಕ್ಯಾನ್ವಾಸ್ ಬೋರ್ಡ್ ಸಾಕು.

ಯೆಲ್ಲೋ ಓಕರ್ (ಮಣ್ಣಿನ ಹಳದಿ) ತೈಲಬಣ್ಣವನ್ನು ಟರ್ಪಂಟೈನ್‌ನಲ್ಲಿ ತೆಳು ಮಾಡಿ ಬೋರ್ಡಿಗೆ ಬಳಿದು, ಬಟ್ಟೆಯಲ್ಲಿ ಒರೆಸಿ. ಬಿಳಿ ಬೋರ್ಡಿನ ಮೇಲೆ ಹಿಮ ಎದ್ದು ಕಾಣುವುದಿಲ್ಲ. ಮರಗಳನ್ನು ಕಡುನೀಲಿ ಗೆರೆಯಲ್ಲಿ ಗುರುತು ಮಾಡಿ. ಕರೆಂಟ್ ಕಂಬದ ಹಾಗೆ ನೆಟ್ಟಗೆ ನಿಲ್ಲಿಸಬೇಡಿ, ವಾಲಲಿ.

ಇನ್ನು ಹಿಮ. ಮೊದಲ ಸಲ ನಾನು ಟ್ಯೂಬಿನ ಬಿಳಿಯನ್ನೇ ಮೆತ್ತಿದ್ದೆ. ಹೆಂಡತಿ ಬಂದು ನೋಡಿ, “ಇದೇನ್ರೀ, ಕಾಡಲ್ಲಿ ಮೊಸರು ಚೆಲ್ಲಿದೆಯಾ?” ಅಂದಳು. ಸರಿಯಾಗೇ ಹೇಳಿದಳು. ಹಿಮದಲ್ಲಿ ಬಿಳಿಗಿಂತ ನೆರಳೇ ಜಾಸ್ತಿ, ಅಲ್ವಾ? ನೆರಳಿಗೆ ನನ್ನ ಅಳತೆ ಇದು: ಅಡಿಕೆಯಷ್ಟು ಬಿಳಿ, ಕಡಲೆಯಷ್ಟು ಅಲ್ಟ್ರಾಮರೀನ್ ನೀಲಿ, ಸಾಸಿವೆಯಷ್ಟು ಬರ್ನ್ಟ್ ಸಿಯೆನ್ನಾ, ಅಂದರೆ ಕೆಂಪು ಛಾಯೆಯ ಕಂದು. ಬೆಳಕು ಬಿದ್ದ ಕಡೆ ಬಿಳಿಗೆ ಚೂರು ಓಕರ್ ಸೇರಿಸಿ. ಬರಿಯ ಬಿಳಿ ಕೊನೆಗೆ, ನಾಲ್ಕೈದು ಕಡೆ ಮಾತ್ರ.

ಕರಗುವ ಹಿಮ ತಾನೇ, ನೆಲದ ಕಂದು ಮೊದಲು ಹಚ್ಚಿ. ಅದು ಒಣಗಿದ ಮೇಲೆ ಹಿಮ ಇಡಿ, ನಡುನಡುವೆ ಮಣ್ಣು ಇಣುಕುವಂತೆ ಜಾಗ ಬಿಡಿ. ಆರನೇ ನಂಬರಿನ ಚಪ್ಪಟೆ ಬ್ರಷ್ ಹಿಡಿದು, ಒಂದೇ ಕಡೆಗೆ ವಾಲಿದ ಚಿಕ್ಕ ಚಿಕ್ಕ ಪಟ್ಟಿಗಳನ್ನು ಪಕ್ಕಪಕ್ಕ ಇಡುತ್ತಾ ಹೋಗಿ. ಬೆರಳಲ್ಲಿ ತೀಡಿ ನುಣುಪು ಮಾಡುವ ಆಸೆ ಬಂದೇ ಬರುತ್ತದೆ. ತೀಡಿದಿರೋ, ಸೆಜಾನ್ ಹೋದ, ಕ್ಯಾಲೆಂಡರ್ ಚಿತ್ರ ಬಂತು.

ನಮ್ಮ ಮಳೆಗಾಲದಲ್ಲಿ ದಪ್ಪ ಬಿಳಿ ಬೇಗ ಒಣಗುವುದಿಲ್ಲ. ಗೋಡೆಗೆ ಮುಖ ಮಾಡಿ ಒರಗಿಸಿಡಿ, ಧೂಳು ಕೂರುವುದಿಲ್ಲ.