ಗೆರೆ ಸೀದಾ, ಗ್ವಾಡಿ ಸೊಟ್ಟ

ಕಲಬುರಗಿಯ ಹಳೇ ಊರಿನಲ್ಲಿ ಒಂದು ಮನೆ. ಶಹಾಬಾದ್ ಕಲ್ಲಿನ ಗೋಡೆ, ಕೆಲವು ಕಡೆ ಎರಡಡಿ ದಪ್ಪ. ಮುಂದಿನ ಪಡಸಾಲೆ ಹಾಗೇ ಉಳಿಸಿಕೊಂಡು ಹಿಂದೆ ಎರಡು ಕೋಣೆ, ಅಡುಗೆಮನೆ, ಬಚ್ಚಲು ಹೊಸದಾಗಿ ಕಟ್ಟಬೇಕಿತ್ತು. ಅರ್ಧ ದಿನ ಟೇಪು ಹಿಡಿದು ಅಳೆದೆ. ರಾತ್ರಿ ಕೂತು ನಕ್ಷೆ ಬರೆಯುವ ಆಟೋಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಗೆರೆ ಎಳೆದೆ. ಸುತ್ತು ಹಾಕಿ ಬಂದ ಕೊನೆಯ ಗೆರೆ ಮೊದಲನೇ ಗೆರೆಗೆ ಸೇರಬೇಕು, ಅಲ್ವಾ? ಅದು ಏಳಿಂಚು ದೂರ ನಿಂತಿತು.

ಫೈಲ್ ಕೆಟ್ಟಿದೆ ಅಂದುಕೊಂಡೆ. ಮುಚ್ಚಿ ತೆರೆದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ. ಫೈಲಿನ ತಪ್ಪು ಹುಡುಕುವ ಆಡಿಟ್ ಕಮಾಂಡ್ ಕೊಟ್ಟೆ, ಒಂದೂ ತಪ್ಪಿಲ್ಲ ಅಂತ ಬಂತು. ಆಗ ಹನ್ನೊಂದು ಗಂಟೆ. ಗೆರೆಯ ತುದಿ ಹಿಡಿದು ಏಳಿಂಚು ಎಳೆದು ಸೇರಿಸಿ ಮಲಗಿಬಿಟ್ಟೆ. ಯಾರಿಗೆ ಗೊತ್ತಾಗುತ್ತೆ ಅಂತ.

ಗೌಂಡಿಗೆ ಗೊತ್ತಾಯಿತು. ಪಾಯದ ದಾರ ಹಿಡಿದ ದಿನವೇ ಕರೆದು ತೋರಿಸಿದ. ಹೊಸ ಗೋಡೆ ಹಳೇ ಗೋಡೆಗೆ ಕೂಡುವ ಕಡೆ ದಾರ ಹೊರಗೆ ಹೋಗುತ್ತಿತ್ತು. "ಸರ, ನಿಮ್ಮ ಕಂಪ್ಯೂಟರ್‌ನ್ಯಾಗ ಗ್ವಾಡಿ ಸೀದಾ ಅದ. ಇಲ್ಲಿ ಸೀದಾ ಇಲ್ರಿ" ಅಂದ.

ತಪ್ಪು ಇಷ್ಟೇ. ಆರ್ಥೋ ಆನ್ ಇತ್ತು, ಅಂದರೆ ಕೀಬೋರ್ಡಿನ ಎಫ್ 8 ಕೀ. ಅದು ಆನ್ ಇದ್ದರೆ ಗೆರೆ ಅಡ್ಡ ಅಥವಾ ಉದ್ದ ಮಾತ್ರ ಹೋಗುತ್ತದೆ, ಮೂಲೆಯೆಲ್ಲ ತೊಂಬತ್ತು ಡಿಗ್ರಿ. ಹೊಸ ಸೈಟಿನ 30-40 ಮನೆಗೆ ಅದು ಸರಿ. ನೂರು ವರ್ಷದ ಕಲ್ಲಿನ ಮನೆಯಲ್ಲಿ ಯಾವ ಮೂಲೆಯೂ ಮೂಲೆಮಟ್ಟಕ್ಕೆ ಕೂರುವುದಿಲ್ಲ. ನಾನು ಅಳೆದದ್ದು ನಿಜವಾದ ಉದ್ದ, ಎಳೆದದ್ದು ಸುಳ್ಳು ಮೂಲೆ. ಆ ಸುಳ್ಳೆಲ್ಲ ಕೂಡಿ ಕೊನೆಗೆ ಏಳಿಂಚಾಗಿ ಹೊರಗೆ ಬಂತು.

ಮತ್ತೆ ಹೋಗಿ ಪ್ರತಿ ಕೋಣೆಯ ಕರ್ಣ ಅಳೆದೆ. ಒಂದು ಕೋಣೆಯ ಲೆಕ್ಕ ಹೇಳುತ್ತೇನೆ. ನಾಲ್ಕು ಬದಿ ಸುತ್ತಿನ ಕ್ರಮದಲ್ಲಿ 12 ಅಡಿ 4 ಇಂಚು, 9 ಅಡಿ 7, 12 ಅಡಿ 1, 9 ಅಡಿ 10. ಮೊದಲ ಬದಿ ಶುರುವಾಗುವ ಮೂಲೆಯಿಂದ ಎದುರಿನ ಮೂಲೆಗೆ 15 ಅಡಿ 4. ಮೊದಲು 12 ಅಡಿ 4 ಇಂಚಿನ ಗೆರೆ ಎಳೆದೆ. ಅದರ ಎಡ ತುದಿಯಿಂದ 15 ಅಡಿ 4 ಇಂಚು ತ್ರಿಜ್ಯದ ವೃತ್ತ, ಬಲ ತುದಿಯಿಂದ 9 ಅಡಿ 7 ಇಂಚಿನ ವೃತ್ತ. ಎರಡೂ ಕತ್ತರಿಸಿದ ಜಾಗವೇ ಮೂರನೇ ಮೂಲೆ. ಆ ಮೂಲೆಯಿಂದ 12 ಅಡಿ 1, ಎಡ ತುದಿಯಿಂದ 9 ಅಡಿ 10. ಅವು ಕೂಡಿದ್ದು ನಾಲ್ಕನೇ ಮೂಲೆ. ವೃತ್ತ ಅಳಿಸಿದರೆ ಕೋಣೆ ಇದ್ದ ಹಾಗೇ ಸೊಟ್ಟಗೆ ಕೂತಿತ್ತು. ಎಲ್ಲ ಕೋಣೆ ಹೀಗೆ ಮಾಡಿದ ಮೇಲೆ ಏಳಿಂಚು ಹೋಗಿ ಅರ್ಧ ಇಂಚು ಉಳಿಯಿತು. ಕಲ್ಲಿನ ಗೋಡೆಗೆ ಅರ್ಧ ಇಂಚು ಗಿಲಾವಿನಲ್ಲಿ ಹೋಗುತ್ತದೆ.

ಆಮೇಲಿಂದ ನನ್ನದೊಂದು ರೂಢಿ. ಡ್ರಾಯಿಂಗ್‌ನಲ್ಲಿ ಏನೇ ಕೆಟ್ಟರೂ ರೀಸ್ಟಾರ್ಟ್ ಮಾಡೋದಿಲ್ಲ. ಉದ್ದ ಗೊತ್ತಿರುವ ಒಂದು ಗೆರೆ ಅಳೆಯುತ್ತೇನೆ, ಸಾಮಾನ್ಯವಾಗಿ ಮುಂಬಾಗಿಲು. ಮೂರೂವರೆ ಅಡಿ ಬಂದರೆ ಅಳತೆ ಸರಿಯಿದೆ, ಬೇರೆ ಕಡೆ ಹುಡುಕಬೇಕು. ಬರದಿದ್ದರೆ ರೋಗ ಅಲ್ಲೇ ಸಿಕ್ಕಿತು.

ನನ್ನ ಹತ್ತಿರ ಕಲಿಯಲು ಬರುವ ಡಿಪ್ಲೊಮಾ ಹುಡುಗರಲ್ಲಿ ಹೆಚ್ಚಿನವರ ರೋಗ ಅಲ್ಲೇ ಸಿಗುತ್ತದೆ. ಆರ್ಕಿಟೆಕ್ಚರಲ್ ಯೂನಿಟ್ಸ್, ಅಂದರೆ ಅಡಿ-ಇಂಚಿನ ಅಳತೆ, ಇಟ್ಟುಕೊಂಡು ಗೋಡೆಗೆ 10 ಅಂತ ಹೊಡೆಯುತ್ತಾರೆ. ಅದು ಹತ್ತಡಿ ಅಲ್ಲ, ಹತ್ತಿಂಚು. ಅಡಿ ಬೇಕಾದರೆ ಅಂಕಿಯ ಮುಂದೆ ಮೇಲುಗಡೆ ಒಂದು ಗೀಟು ಬೇಕು, 10' ಹೀಗೆ. ಯೂನಿಟ್ಸ್ ಡೆಸಿಮಲ್‌ನಲ್ಲಿದ್ದರೆ ಆ ಗೀಟನ್ನೂ ಅದು ಒಪ್ಪುವುದಿಲ್ಲ. ಇನ್ನೊಂದು, ಆರೂವರೆ ಇಂಚು ಹೊಡೆಯುವಾಗ ಆರಕ್ಕೂ ಅರ್ಧಕ್ಕೂ ನಡುವೆ ಸ್ಪೇಸ್ ಕೊಡುತ್ತಾರೆ. ಅಲ್ಲಿ ಸ್ಪೇಸ್ ಅಂದರೆ ಎಂಟರ್. ಆರಿಂಚಿಗೇ ಕೆಲಸ ಮುಗಿದುಹೋಗುತ್ತದೆ, ಮಿಕ್ಕ ಅರ್ಧ ಮುಂದಿನ ಪ್ರಶ್ನೆಗೆ ಉತ್ತರ ಆಗಿಬಿಡುತ್ತದೆ. ನಡುವೆ ಸಣ್ಣ ಅಡ್ಡಗೆರೆ ಹಾಕಿ, ಸಾಕು.

ಇಂಟರ್‌ನೆಟ್‌ನಿಂದ ತಂದ ಮಂಚ, ಸೋಫಾ, ಕಮೋಡಿನ ಬ್ಲಾಕ್‌ಗಳದ್ದು, ಅಂದರೆ ಸಿದ್ಧ ಚಿತ್ರಗಳದ್ದು, ಬೇರೆಯೇ ತಮಾಷೆ. ಅವು ಹೆಚ್ಚಾಗಿ ಮಿಲಿಮೀಟರ್‌ನಲ್ಲಿ ಬರೆದವು. ನಮ್ಮದು ಇಂಚು. ಯೂನಿಟ್ಸ್ ಹೊಂದಿಸದೆ ತಂದರೆ 1900 ಮಿಲಿಮೀಟರಿನ ಮಂಚ 1900 ಇಂಚು ಆಗುತ್ತದೆ. ಅಂದರೆ 158 ಅಡಿ. ಒಬ್ಬ ಹುಡುಗ "ಬ್ಲಾಕ್ ಬರ್ಲಿಲ್ರಿ ಸರ" ಅಂತ ಮೂರು ಸಲ ಹಾಕಿದ್ದ. ಫೈಲಿನಲ್ಲಿದ್ದದ್ದೆಲ್ಲ ಪರದೆಗೆ ತರುವ ಜೂಮ್ ಎಕ್ಸ್‌ಟೆಂಟ್ಸ್ ಮಾಡಿ ನೋಡಿದರೆ ಮೂರು ಮಂಚ ಓಣಿ ದಾಟಿ ಮಲಗಿದ್ದವು, ಮನೆ ಅವುಗಳ ಕಾಲಡಿ ಚುಕ್ಕಿಯಷ್ಟಿತ್ತು. ಸ್ಕೇಲ್ ಕಮಾಂಡ್‌ನಲ್ಲಿ ರೆಫರೆನ್ಸ್ ಆರಿಸಿ ಮೊದಲು 25.4, ಆಮೇಲೆ 1 ಕೊಟ್ಟರೆ ಸರಿಹೋಗುತ್ತದೆ. ಮುಂದೆ ಹೀಗಾಗಬಾರದು ಅಂದರೆ ಬ್ಲಾಕ್ ಫೈಲ್‌ನಲ್ಲೂ ನಮ್ಮ ಫೈಲ್‌ನಲ್ಲೂ ಇನ್‌ಸರ್ಷನ್ ಸ್ಕೇಲ್ ಯಾವ ಅಳತೆಯಲ್ಲಿದೆ ಅಂತ ಯೂನಿಟ್ಸ್‌ನಲ್ಲಿ ನೋಡಿಕೊಳ್ಳಿ.

ಹ್ಯಾಚ್, ಅಂದರೆ ಮುಚ್ಚಿದ ಜಾಗದೊಳಗೆ ತುಂಬುವ ಗೆರೆ ವಿನ್ಯಾಸ, ತುಂಬಲಿಲ್ಲ ಅನ್ನೋದು ಎಲ್ಲರ ದೂರು. ಎಲ್ಲೋ ಒಂದು ಮೂಲೆ ಕೂದಲೆಳೆಯಷ್ಟು ತೆರೆದಿರುತ್ತದೆ. ಹೊಸ ಆವೃತ್ತಿಗಳು ತೆರೆದ ತುದಿಗೆ ಕೆಂಪು ಉಂಗುರ ಹಾಕಿ ತೋರಿಸುತ್ತವೆ. ಎಷ್ಟು ಸಂದು ಇದ್ದರೂ ಪರವಾಗಿಲ್ಲ ಅಂತ ಹೇಳುವ ಗ್ಯಾಪ್ ಟಾಲರೆನ್ಸ್ ಹೆಚ್ಚಿಸಿದರೂ ತುಂಬುತ್ತದೆ, ಆದರೆ ಅದು ಬಿರುಕಿಗೆ ಬಣ್ಣ ಬಳಿದ ಹಾಗೆ. ನಾನು ಎರಡು ಗೆರೆ ಕೂಡಿಸುವ ಫಿಲೆಟ್ ಕಮಾಂಡ್ ತೆಗೆದುಕೊಂಡು ರೇಡಿಯಸ್ ಸೊನ್ನೆ ಇಟ್ಟು ಎರಡೂ ಗೆರೆ ಕ್ಲಿಕ್ ಮಾಡುತ್ತೇನೆ, ಮೂಲೆ ಮುಚ್ಚುತ್ತದೆ. ಮೂಲೆ ಎಲ್ಲ ಮುಚ್ಚಿದ್ದರೂ ಹ್ಯಾಚ್ ಹಟ ಹಿಡಿದರೆ, ಗೆರೆ ಅಲೆ ಅಲೆಯಾಗಿ ಕಂಡರೆ, ಸರ್ವೆಯವರು ಕೊಟ್ಟ ಫೈಲ್ ಇರಬಹುದು. ಭೂಮಿಯ ಮೇಲಿನ ಜಾಗವನ್ನು ಮೀಟರ್‌ನಲ್ಲಿ ಹೇಳುವ ಅವರ ಯುಟಿಎಂ ಲೆಕ್ಕದಲ್ಲಿ ನಮ್ಮ ಕಲಬುರಗಿ ಸಮಭಾಜಕದಿಂದ ಸುಮಾರು 19 ಲಕ್ಷ ಮೀಟರ್ ಉತ್ತರಕ್ಕಿದೆ. ಮಿಲಿಮೀಟರ್ ಮಾಡಿದರೆ 190 ಕೋಟಿ ದಾಟುತ್ತದೆ. ಅಷ್ಟು ದೂರದಲ್ಲಿ ಸಣ್ಣ ಅಳತೆಗಳ ಲೆಕ್ಕ ಕದಡುತ್ತದೆ. ಮನೆಯ ಒಂದು ಮೂಲೆ ಹಿಡಿದು ಎಲ್ಲವನ್ನೂ ಅಳತೆ ಶುರುವಾಗುವ 0,0 ಬಿಂದುವಿನ ಹತ್ತಿರ ಮೂವ್ ಮಾಡಿದರೆ ಹ್ಯಾಚ್ ಸುಮ್ನೆ ಕೂರುತ್ತದೆ. ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ.

ನನಗೆ ಜಾಸ್ತಿ ದುಡ್ಡು ಕಳೆದದ್ದು ಮಾತ್ರ ಪರದೆಯ ಮೇಲಲ್ಲ, ಕಾಗದದ ಮೇಲೆ.

ಹುಮನಾಬಾದ್ ಕಡೆಯ ಒಂದು ಕೆಲಸ. ಎ3 ಕಾಗದಕ್ಕೆ 1:50 ಇಟ್ಟು ಪಿಡಿಎಫ್ ಮಾಡಿ ಮನೆಯವರಿಗೆ ವಾಟ್ಸಾಪ್ ಮಾಡಿದೆ. ಅವರು ಅಲ್ಲೇ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಗೌಂಡಿಯ ಕೈಗೆ ಕೊಟ್ಟರು. ಮೆಟ್ಟಿಲಿನ ಅಗಲ ಬರೆಯಲು ನಾನು ಮರೆತಿದ್ದೆ. ಗೌಂಡಿ ಅನುಭವಸ್ಥ, ಕಾಗದದ ಮೇಲೆ ಸ್ಕೇಲ್ ಇಟ್ಟು ಲೆಕ್ಕ ಹಾಕಿದ. ಮೂರೂವರೆ ಅಡಿ ಬರಬೇಕಾದ್ದು ಮೂರಡಿ ನಾಲ್ಕಿಂಚು ಬಂತು. ಅಷ್ಟಕ್ಕೇ ಸೆಂಟ್ರಿಂಗ್ ಹೊಡೆದ. ನಾನು ಹೋಗಿ ನೋಡುವಷ್ಟರಲ್ಲಿ ಕಬ್ಬಿಣ ಕಟ್ಟಿ ಆಗಿತ್ತು. ಬಿಚ್ಚಿ ಮತ್ತೆ ಹೊಡೆಸಿದ ಕೂಲಿ ನನ್ನ ಜೇಬಿನಿಂದ ಹೋಯಿತು.

ಆ ಪ್ರಿಂಟ್ ಮನೆಗೆ ತಂದು ಅಳೆದೆ. 1:50ರಲ್ಲಿ ಹತ್ತಡಿ ಗೆರೆ ಕಾಗದದ ಮೇಲೆ 61 ಮಿಲಿಮೀಟರ್ ಇರಬೇಕು. 58 ಇತ್ತು. ಪಿಡಿಎಫ್ ತೆರೆಯುವ ಸಾಫ್ಟ್‌ವೇರ್‌ನಲ್ಲಿ ಪ್ರಿಂಟ್ ಕೊಡುವಾಗ 'ಫಿಟ್' ಅಂತ ಒಂದು ಆಯ್ಕೆ ಇರುತ್ತದೆ. ಅದು ಅಂಚು ಬಿಡಲು ಇಡೀ ನಕ್ಷೆಯನ್ನು ಸ್ವಲ್ಪ ಕುಗ್ಗಿಸುತ್ತದೆ. 'ಆಕ್ಚುಯಲ್ ಸೈಜ್' ಆರಿಸಬೇಕಿತ್ತು. ಅಂಗಡಿಯ ಹುಡುಗನಿಗೆ ಅದು ಹೇಗೆ ಗೊತ್ತಿರಬೇಕು? ಮದುವೆ ಪತ್ರಿಕೆಯಾಗಿದ್ದರೆ ಅವನು ಮಾಡಿದ್ದೇ ಸರಿ. ಆಟೋಕ್ಯಾಡ್‌ನಲ್ಲಿ ಪ್ರಿಂಟ್ ಕೊಡುವ ಪ್ಲಾಟ್ ಕಮಾಂಡ್‌ನಲ್ಲೂ 'ಫಿಟ್ ಟು ಪೇಪರ್' ಇದೆ, ಅದಕ್ಕೂ ಟಿಕ್ ಇರಬಾರದು.

ಈಗ ನನ್ನ ಪ್ರತಿ ನಕ್ಷೆಯ ಕೆಳಗೆ ಹತ್ತಡಿಯ ಒಂದು ಪಟ್ಟಿ ಇರುತ್ತದೆ. ಪಕ್ಕದಲ್ಲಿ ಕನ್ನಡದಲ್ಲೇ ಬರೆದಿರುತ್ತೇನೆ: "ಈ ಗೆರೆ 61 ಮಿ.ಮೀ. ಇಲ್ಲದಿದ್ದರೆ ಕೆಲಸ ಶುರು ಮಾಡಬೇಡಿ, ಫೋನ್ ಮಾಡಿ." ಎರಡು ಸಲ ಫೋನ್ ಬಂದಿದೆ.

ಕರೆಂಟಿನ ಕತೆ ಹೇಳದಿದ್ದರೆ ಮೇ ತಿಂಗಳ ಕಲಬುರಗಿ ಗೊತ್ತಿರುವವರು ನಂಬುವುದಿಲ್ಲ. 40 ಡಿಗ್ರಿ ದಾಟಿದ ಮಧ್ಯಾಹ್ನ, ಲ್ಯಾಪ್‌ಟಾಪ್ ಬ್ಯಾಟರಿ ಸತ್ತದ್ದು, ಯುಪಿಎಸ್ ಕೂಡ ಹಾಗೇ. ಕರೆಂಟ್ ಹೋಯಿತು, ಮೂರು ತಾಸು ಕೂತು ಬರೆದ ಎಲಿವೇಷನ್, ಅಂದರೆ ಮನೆಯ ಎದುರುನೋಟ, ಹೋಯಿತು. ಮತ್ತೆ ತೆರೆದರೆ ಫೈಲ್ ಬರಲಿಲ್ಲ. ಹೀಗಾದಾಗ ಮೊದಲು ರಿಕವರ್ ಕಮಾಂಡ್ ಕೊಡಿ. ಆಗಲಿಲ್ಲವೆಂದರೆ ಅದೇ ಫೋಲ್ಡರಿನಲ್ಲಿ ಅದೇ ಹೆಸರಿನ ಬಿಎಕೆ ಫೈಲ್ ಇರುತ್ತದೆ, ಅದು ಹಿಂದಿನ ಸೇವ್. ಅದರ ಒಂದು ಕಾಪಿ ಮಾಡಿ ಬಾಲ, ಅಂದರೆ ಹೆಸರಿನ ಕೊನೆಯ ಚುಕ್ಕಿಯ ನಂತರದ ಅಕ್ಷರ, ಬದಲಿಸಿ ಡಿಡಬ್ಲ್ಯೂಜಿ ಅಂತ ಮಾಡಿದರೆ ತೆರೆಯುತ್ತದೆ. ವಿಂಡೋಸ್ ಬಾಲ ತೋರಿಸದಿದ್ದರೆ ಫೋಲ್ಡರಿನ ವ್ಯೂನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಟಿಕ್ ಮಾಡಿ, ಇಲ್ಲವಾದರೆ ಬರೀ ಹೆಸರು ಬದಲಾಗಿ ಬಾಲ ಹಾಗೇ ಉಳಿಯುತ್ತದೆ. ಇನ್ನೂ ಹೊಸದು ಬೇಕಾದರೆ ಆಟೋಸೇವ್ ಫೈಲ್. ಅದರ ಬಾಲ ಎಸ್‌ವಿ ಮತ್ತು ಡಾಲರ್ ಗುರುತು. ಎಲ್ಲಿದೆ ಅಂತ ಆಪ್ಷನ್ಸ್‌ನ ಫೈಲ್ಸ್ ಪಟ್ಟಿಯಲ್ಲಿ ಬರೆದಿರುತ್ತದೆ. ಸರಿಯಾಗಿ ಮುಚ್ಚಿದ ಫೈಲಿಗೆ ಅದು ಉಳಿಯುವುದಿಲ್ಲ, ಹೀಗೆ ಅರ್ಧಕ್ಕೆ ಸತ್ತಾಗ ಮಾತ್ರ ಸಿಗುತ್ತದೆ. ಆವತ್ತು ನನ್ನ ಎಲಿವೇಷನ್ ಹತ್ತು ನಿಮಿಷದ ಕೆಲಸ ಬಿಟ್ಟು ಪೂರ್ತಿ ಅದರಲ್ಲಿತ್ತು. ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಆಟೋಸೇವ್ ಆಗುತ್ತದೆ. ಸೇವ್‌ಟೈಮ್ ಅಂತ ಕೊಟ್ಟು ನಾನು ಐದಕ್ಕೆ ಇಳಿಸಿದ್ದೇನೆ. ಬ್ಯಾಟರಿಯನ್ನೂ ಬದಲಿಸಿದೆ, ಅದು ಮೊದಲೇ ಮಾಡಬೇಕಾದ ಕೆಲಸ.

ಸಣ್ಣ ಪುಟ್ಟವು ಬೇಗ ಹೇಳಿಬಿಡುತ್ತೇನೆ. ಓಪನ್ ಒತ್ತಿದರೆ ಫೈಲ್ ಆರಿಸುವ ಕಿಟಕಿ ತೆರೆಯದೆ ಕೆಳಗೆ ಕಮಾಂಡ್ ಸಾಲಿನಲ್ಲಿ ಫೈಲ್ ಹೆಸರು ಕೇಳಿದರೆ ಫೈಲ್‌ಡಯಾ ಅನ್ನುವ ಸೆಟ್ಟಿಂಗ್ ಸೊನ್ನೆ ಆಗಿದೆ, 1 ಮಾಡಿ. ಪರದೆಯಲ್ಲಿ ಕಾಣುವ ಮನೆಯ ಕಿಟಕಿಗಳು ಪ್ರಿಂಟಿನಲ್ಲಿ ಮಾಯವಾದರೆ ಅವು ಡೆಫ್‌ಪಾಯಿಂಟ್ಸ್ ಅನ್ನುವ ಲೇಯರ್‌ನಲ್ಲಿ, ಅಂದರೆ ಪದರದಲ್ಲಿ, ಕೂತಿರಬಹುದು. ಆ ಲೇಯರ್ ಪ್ರಿಂಟ್ ಆಗುವುದೇ ಇಲ್ಲ, ಬೇರೆ ಲೇಯರ್‌ಗೆ ಹಾಕಿ. ಫೈಲ್ ಎಮ್ಮೆಯ ಹಾಗೆ ನಡೆದರೆ, ಬಳಸದೆ ಬಿದ್ದದ್ದನ್ನು ತೆಗೆದುಹಾಕುವ ಪರ್ಜ್ ಮಾಡಿ. ಒಂದರ ಮೇಲೊಂದು ಬಿದ್ದ ಗೆರೆಗಳಿಗೆ ಓವರ್‌ಕಿಲ್. ಕಂಡಕಂಡ ಬ್ಲಾಕ್ ತುಂಬಿದ್ದ ನನ್ನದೊಂದು ಫೈಲ್ 30 ಎಂಬಿಯಿಂದ ನಾಲ್ಕಕ್ಕೆ ಇಳಿಯಿತು.

ಇನ್ನು ಕನ್ನಡ ಅಕ್ಷರ. ಕೋಣೆಗಳ ಹೆಸರು ಇಂಗ್ಲಿಷಿನಲ್ಲಿ ಬರೆದರೆ ಮನೆಯ ಹಿರಿಯರಿಗೆ ನಕ್ಷೆ ಓದಲಾಗುವುದಿಲ್ಲ. ಹಾಗಾಗಿ ಆ ಹಳೇ ಕಲ್ಲಿನ ಮನೆಯ ನಕ್ಷೆಗೆ ಕನ್ನಡದಲ್ಲೇ ಹೆಸರು ಹಾಕಿದ್ದೆ. ಅವಸರದಲ್ಲಿ ಬೇರೊಂದು ಲ್ಯಾಪ್‌ಟಾಪಿನಿಂದ ಪ್ರಿಂಟ್ ತೆಗೆದು, ಸರಿಯಾಗಿ ನೋಡದೆ ತೆಗೆದುಕೊಂಡು ಹೋದೆ. ಮನೆಯ ಅಜ್ಜಿ ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕಾಗದ ಹರಡಿ, ಈಶಾನ್ಯ ಮೂಲೆಯ ಮೇಲೆ ಬೆರಳಿಟ್ಟರು.

"ಯಪ್ಪಾ, ದೇವರ ಮನಿಗೇ ಪ್ರಶ್ನೆ ಚಿನ್ನಿ ಹಾಕಿಯಲ್ಲೋ. ಅದೂ ಸಾಲಾಗಿ!"

ಆ ಲ್ಯಾಪ್‌ಟಾಪಿನಲ್ಲಿ ಟೆಕ್ಸ್ಟ್ ಸ್ಟೈಲ್‌ಗೆ ಆಟೋಕ್ಯಾಡ್‌ನದೇ ಎಸ್‌ಎಚ್‌ಎಕ್ಸ್ ಫಾಂಟ್ ಬಂದಿತ್ತು, ಅದರಲ್ಲಿ ಕನ್ನಡ ಇಲ್ಲ, ಅದಕ್ಕೇ ಪ್ರಶ್ನೆ ಚಿಹ್ನೆ. ಸ್ಟೈಲ್ ಕಮಾಂಡ್ ಕೊಟ್ಟು ಫಾಂಟ್ ತುಂಗಾ ಅಥವಾ ನಿರ್ಮಲಾ ಯುಐ ಮಾಡಿದರೆ ಅಕ್ಷರ ಬರುತ್ತದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಅದನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಮರುದಿನ ಹೊಸ ಪ್ರಿಂಟ್ ಒಯ್ದುಕೊಟ್ಟೆ. ಅಜ್ಜಿ ಒಂದೊಂದೇ ಕೋಣೆ ಓದಿದರು. ಬಚ್ಚಲಿನ ಹತ್ತಿರ ನಿಂತು, "ಇದರ ಬಾಗಿಲು ದೇವರ ಮನಿ ಕಡಿ ಯಾಕದ?" ಅಂದರು.

ಅದಕ್ಕೆ ಯಾವ ಕಮಾಂಡೂ ಇಲ್ಲ. ಕೂತು ಮತ್ತೆ ಬರೆದೆ.