ರಸ್ತೆಯಿಲ್ಲದ ಊರಿಗೆ ಹಾರುವ ಮುನ್ನ: ಸಣ್ಣ ವಿಮಾನದ ಗಂಟುಮೂಟೆ

ಅಲಾಸ್ಕಾದ ಬಹುಪಾಲು ಊರುಗಳಿಗೆ ರಸ್ತೆಯೇ ಇಲ್ಲ. ಟಪಾಲು, ಔಷಧ, ದಿನಸಿ, ಶಾಲೆಯ ಮೇಷ್ಟ್ರು ಎಲ್ಲವೂ ಎಲ್ಲರೂ ಹೋಗುವುದು ಒಂದೇ ಎಂಜಿನ್ನಿನ ಸಣ್ಣ ವಿಮಾನದಲ್ಲಿ. ಸೆಸ್ನಾ 185, ಸೆಸ್ನಾ 206, ಪೈಪರ್ ಸೂಪರ್ ಕಬ್ ಅಲ್ಲಿನ ಜೀಪು, ಟೆಂಪೊ ಇದ್ದಂತೆ. ಇಳಿಯುವುದು ನದಿದಂಡೆಯ ಜಲ್ಲಿಯ ಮೇಲೆ, ಕೆರೆಯ ಮೇಲೆ, ಕೆಲವೊಮ್ಮೆ ಹಿಮದ ಮೇಲೆ. ಮೋಡ ಕವಿದರೆ ಎರಡು ಮೂರು ರಾತ್ರಿ ಅಲ್ಲೇ ಠಿಕಾಣಿ. ಹಾಗಾಗಿ ಸಾಮಾನು ಕಟ್ಟುವುದೂ ಪೈಲಟ್‌ನ ಕಸುಬಿನ ಭಾಗವೇ.

ಅಲಾಸ್ಕಾದ ಕಾನೂನು ದಶಕಗಳ ಕಾಲ ಇದಕ್ಕೊಂದು ಪಟ್ಟಿಯನ್ನೇ ಇಟ್ಟುಕೊಂಡು ಬಂದಿತ್ತು. ವಿಮಾನದಲ್ಲಿರುವ ಪ್ರತಿಯೊಬ್ಬರಿಗೂ ಒಂದು ವಾರ ಜೀವ ಹಿಡಿದಿಡುವಷ್ಟು ಆಹಾರ, ಒಂದು ಕೊಡಲಿ, ಚಾಕು, ಪ್ರಥಮ ಚಿಕಿತ್ಸೆಯ ಡಬ್ಬಿ, ಗಾಳ ಮತ್ತು ದಾರ, ಬೆಂಕಿ ಹೊತ್ತಿಸುವ ಸಾಧನ, ತಲೆಗೊಂದು ಸೊಳ್ಳೆಬಲೆ, ಮುಚ್ಚಿದ ಲೋಹದ ಡಬ್ಬಿಯಲ್ಲಿ ಎರಡು ಹೊಗೆ ಅಥವಾ ಬೆಳಕಿನ ಸಂಕೇತ. ಅಕ್ಟೋಬರ್ 15ರಿಂದ ಏಪ್ರಿಲ್ 1ರವರೆಗೆ ಇವುಗಳ ಜೊತೆಗೆ ಹಿಮದಲ್ಲಿ ನಡೆಯುವ ಒಂದು ಜೊತೆ ಸ್ನೋಶೂ, ಒಂದು ಸ್ಲೀಪಿಂಗ್ ಬ್ಯಾಗ್, ನಾಲ್ವರಿಗಿಂತ ಹೆಚ್ಚು ಜನರಿದ್ದರೆ ಹೆಚ್ಚುವರಿ ತಲೆಗೊಂದು ಉಣ್ಣೆ ಕಂಬಳಿ. ಸೊಳ್ಳೆಬಲೆಯ ಮಾತು ಓದಿ ನಗಬೇಡಿ. ಜೂನ್, ಜುಲೈನಲ್ಲಿ ಅಲ್ಲಿನ ಜೌಗು ನೆಲದ ಸೊಳ್ಳೆ ಕಣ್ಣು ಬಿಡಲೂ ಬಿಡುವುದಿಲ್ಲ. ಪಕ್ಕದ ಕೆನಡಾ ವಸ್ತುಗಳ ಬದಲು ಕೆಲಸಗಳನ್ನು ಹೇಳುತ್ತದೆ: ಬೆಂಕಿ ಹೊತ್ತಿಸಬೇಕು, ಆಸರೆ ಸಿಗಬೇಕು, ನೀರು ಶುದ್ಧವಾಗಬೇಕು, ಕಣ್ಣಿಗೆ ಕಾಣುವ ಸಂಕೇತ ಕೊಡಲಾಗಬೇಕು. ಯೋಚಿಸಿ ಕಟ್ಟುವವರಿಗೆ ಕೆನಡಾದ ಕ್ರಮವೇ ಹೆಚ್ಚು ಉಪಯೋಗ.

ಮೊದಲು ತಕ್ಕಡಿ

ಸೂಪರ್ ಕಬ್‌ನ ಗರಿಷ್ಠ ತೂಕ 1,750 ಪೌಂಡ್, ಅಂದರೆ ಸುಮಾರು 794 ಕೆ.ಜಿ. ದೊಡ್ಡ ಟೈರು ಹಾಕಿಸಿದ ವಿಮಾನದ ಖಾಲಿ ತೂಕ 500 ಕೆ.ಜಿ. ಎಂದುಕೊಳ್ಳಿ. ತುಂಬಿದ ಟ್ಯಾಂಕಿನ ಇಂಧನ 98 ಕೆ.ಜಿ., ಚಳಿಯುಡುಪು ತೊಟ್ಟ ಇಬ್ಬರು 165 ಕೆ.ಜಿ. ಉಳಿಯುವುದು 31 ಕೆ.ಜಿ. ಮಾತ್ರ. ಕೊಡಲಿಯಿಂದ ಸ್ಲೀಪಿಂಗ್ ಬ್ಯಾಗ್‌ವರೆಗೆ ಎಲ್ಲವೂ ಇಷ್ಟರಲ್ಲೇ ಬರಬೇಕು. ಅಂದಾಜು ಬೇಡ, ಪ್ರತಿ ಚೀಲವನ್ನೂ ತೂಗುಹಾಕುವ ತಕ್ಕಡಿಗೆ ಸಿಕ್ಕಿಸಿ, ತೂಕವನ್ನು ಚೀಲದ ಮೇಲೇ ಬರೆಯಿರಿ.

ಭಾರದ್ದನ್ನು ಸೀಟಿನ ಹಿಂದೆಯೇ, ನೆಲಕ್ಕೆ ತಾಗುವಂತೆ ಇಡಿ. ಬಾಲದ ಕಡೆಗೆ ಹಗುರವಾದ ಸ್ಲೀಪಿಂಗ್ ಬ್ಯಾಗ್ ಮಾತ್ರ. ಭಾರ ಹಿಂದೆ ಸರಿದಷ್ಟೂ ಮೂತಿ ಮೇಲೇಳುತ್ತದೆ, ವಿಮಾನ ವೇಗ ಕಳೆದುಕೊಂಡು ಕುಸಿದರೆ ಸರಿಪಡಿಸುವುದು ಕಷ್ಟವಾಗುತ್ತದೆ. ಕಟ್ಟದೆ ಬಿಟ್ಟ ಕೊಡಲಿ ಒರಟು ಇಳಿತದಲ್ಲಿ ನೇರ ಪೈಲಟ್‌ನ ತಲೆಯತ್ತ ಬರುತ್ತದೆ. ಬಲೆ ಹಾಕಿ ಬಿಗಿಯಿರಿ.

ಮೈಮೇಲೆ ಏನಿರಬೇಕು

ವಿಮಾನ ಮಗುಚಿ ಬಿದ್ದು ಬೆಂಕಿ ಹತ್ತಿತೆನ್ನಿ. ಹೊರಗೆ ತೆವಳಿ ಬಂದಾಗ ಜೇಬಿನಲ್ಲಿರುವುದಷ್ಟೇ ನಿಮ್ಮದು. ಹೀಗಾಗಿ ಅನುಭವಿಗಳು ಹಲವು ಜೇಬಿನ ಒಂದು ಅಂಗಿ ತೊಟ್ಟೇ ಹಾರುತ್ತಾರೆ. ಅದರಲ್ಲಿ ಪಿಎಲ್‌ಬಿ ಎಂಬ ಅಂಗೈಯಗಲದ ತುರ್ತು ಪ್ರಸಾರಕ, ಚಾಕು, ಒಂದು ಲೈಟರ್, ಅದು ಕೈಕೊಟ್ಟರೆ ಕಿಡಿ ಹಾರಿಸುವ ಫೆರೋ ಕಡ್ಡಿ, ವ್ಯಾಸಲೀನ್ ಸವರಿದ ಹತ್ತಿ ಉಂಡೆ ಏಳೆಂಟು, ಸಂಕೇತದ ಕನ್ನಡಿ, ಸೀಟಿ, ರಕ್ತ ನಿಲ್ಲಿಸುವ ಪಟ್ಟಿ, ಮಡಚಿದರೆ ಮುಷ್ಟಿಯಷ್ಟಾಗುವ ತುರ್ತು ಹೊದಿಕೆ. ವ್ಯಾಸಲೀನ್ ಹತ್ತಿಯನ್ನು ಉರಿಸುವ ಮುನ್ನ ಎಳೆ ಬಿಡಿಸಿ ಹಿಂಜಬೇಕು. ಉಂಡೆಯಾಗಿಯೇ ಇದ್ದರೆ ಕಿಡಿ ಹಿಡಿಯುವುದಿಲ್ಲ. ಫೋನನ್ನು ಒಳಜೇಬಿನಲ್ಲಿ ಇಡಿ, ಚಳಿಗೆ ಅದರ ಬ್ಯಾಟರಿ ಬೇಗ ಸೋಲುತ್ತದೆ.

ತೇಲುವಿಮಾನವಾದರೆ ಗಾಳಿ ತುಂಬುವ ಲೈಫ್ ಜಾಕೆಟ್ ತೊಟ್ಟಿರಬೇಕು. ಆದರೆ ಒಳಗಿರುವಾಗ ಅದನ್ನು ಉಬ್ಬಿಸಲೇಬಾರದು. ಮಗುಚಿದ ವಿಮಾನಕ್ಕೆ ನೀರು ನುಗ್ಗಿದಾಗ ಉಬ್ಬಿದ ಜಾಕೆಟ್ ನಿಮ್ಮನ್ನು ಮೇಲಕ್ಕೆತ್ತಿ ಒತ್ತಿಹಿಡಿಯುತ್ತದೆ, ಬಾಗಿಲು ಕೆಳಗೆಲ್ಲೋ ಉಳಿಯುತ್ತದೆ. ಸ್ಪಂಜು ತುಂಬಿದ ಜಾಕೆಟ್ ಬೇಡವೆನ್ನುವುದೂ ಇದಕ್ಕೇ.

ಕರಡಿಯ ಸ್ಪ್ರೇ ಎಲ್ಲಿಡಬೇಕು

ಹೊಸಬರು ತಪ್ಪುವುದು ಇಲ್ಲೇ. ಕರಡಿ ಓಡಿಸುವ ಸ್ಪ್ರೇ ಎಂದರೆ ಒತ್ತಡದಲ್ಲಿ ತುಂಬಿದ ಮೆಣಸಿನ ಖಾರ. ಕ್ಯಾಬಿನ್ನಿನಲ್ಲಿ ಅದರ ಮುಚ್ಚಳ ಜಾರಿ ಒಮ್ಮೆ ಚಿಮ್ಮಿತೆಂದರೆ ಪೈಲಟ್‌ಗೆ ಕಣ್ಣು ಕಾಣದು, ಉಸಿರು ಎಳೆಯಲಾಗದು, ಪಕ್ಕಕ್ಕೆ ನಿಲ್ಲಿಸೋಣವೆಂದರೆ ಆಕಾಶದಲ್ಲಿ ಪಕ್ಕವಿಲ್ಲ. ತೇಲುವಿಮಾನದಲ್ಲಿ ಅದನ್ನು ಚಕ್ರದ ಬದಲಿಗಿರುವ ತೇಲುತೊಟ್ಟಿಯ ಖಾನೆಯೊಳಗೆ ಇಡುತ್ತಾರೆ. ಚಕ್ರದ ವಿಮಾನದಲ್ಲಿ ರೆಕ್ಕೆಯ ಆಧಾರಕಂಬಿಗೆ ಹೊರಗಿನಿಂದ ಡಕ್ಟ್ ಟೇಪ್ ಸುತ್ತಿ ಕಟ್ಟುವ ರೂಢಿಯಿದೆ.

ಇಳಿದ ಮೇಲೆ ಮೀನು, ಮಾಂಸವನ್ನು ವಿಮಾನದೊಳಗೆ ಬಿಟ್ಟು ಮಲಗಬೇಡಿ. ಸೂಪರ್ ಕಬ್‌ನ ಮೈ ಬಟ್ಟೆಯದು. ವಾಸನೆ ಹಿಡಿದು ಬಂದ ಕರಡಿಗೆ ಬಾಗಿಲು ಹುಡುಕುವ ದರ್ದಿಲ್ಲ.

ಇಂಧನ, ಮತ್ತು ಅದರೊಳಗಿನ ನೀರು

ವಿಮಾನದ ಪೆಟ್ರೋಲು ಲೀಟರಿಗೆ ಸುಮಾರು 0.72 ಕೆ.ಜಿ. ತೂಗುತ್ತದೆ. 20 ಲೀಟರಿನ ಒಂದು ಕ್ಯಾನಿನಲ್ಲಿ 14.4 ಕೆ.ಜಿ., ಹೆಚ್ಚುಕಡಿಮೆ ನಮ್ಮ ಅಡುಗೆಮನೆಯ ಸಿಲಿಂಡರಿನ ಅನಿಲದಷ್ಟು. ಕ್ಯಾನಿನ ಜೊತೆ ನೀರು, ಕಸ ತಡೆಯುವ ಜಾಲರಿಯ ಲಾಳಿಕೆ ಬೇಕೇ ಬೇಕು. ಕ್ಯಾನನ್ನು ನೆಲದ ಮೇಲಿಟ್ಟೇ ತುಂಬಿಸಿ. ಪ್ಲಾಸ್ಟಿಕ್ ಹಾಸಿದ ಪಿಕಪ್ ಗಾಡಿಯ ಮೇಲಿಟ್ಟು ತುಂಬಿಸಿದರೆ ಸ್ಥಿರವಿದ್ಯುತ್ತಿನ ಒಂದೇ ಕಿಡಿ ಸಾಕು.

ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಬೆವರಿನಂತೆ ನೀರು ಕೂಡುತ್ತದೆ. ಭಾರವಾದ್ದರಿಂದ ತಳಕ್ಕಿಳಿದು ಕೂರುತ್ತದೆ. ಬೆಳಿಗ್ಗೆ ಟ್ಯಾಂಕಿನ ತಳದಿಂದ ಪಾರದರ್ಶಕ ಲೋಟಕ್ಕೆ ಸ್ವಲ್ಪ ಬಸಿದು ಬೆಳಕಿಗೆ ಹಿಡಿಯಿರಿ. 100 ಎಲ್‌ಎಲ್ ಎಂಬ ವಿಮಾನದ ಪೆಟ್ರೋಲಿನ ಬಣ್ಣ ತಿಳಿನೀಲಿ. ಲೋಟದಲ್ಲಿ ಎರಡು ಪದರ ಕಂಡರೆ ಕೆಳಗಿನದು ನೀರು ಎಂದು ಯಾರಿಗೂ ಗೊತ್ತಾಗುತ್ತದೆ. ಲೋಟ ತುಂಬ ಬರೀ ನೀರೇ ಬಂದಿದ್ದರೆ? ಆಗ ಪದರವೇ ಇಲ್ಲ, ನೋಡಲು ಸ್ವಚ್ಛ. ಆದ್ದರಿಂದ ಪದರ ಇದೆಯೇ ಎನ್ನುವುದಕ್ಕಿಂತ ಮೊದಲು ನೀಲಿ ಇದೆಯೇ ನೋಡಿ.

ಕಟ್ಟಿ ನಿಲ್ಲಿಸಲು, ರಿಪೇರಿಗೆ

ಮೂರು ಹಗ್ಗ, ನೆಲಕ್ಕೆ ತಿರುಪಿ ಇಳಿಸುವ ಮೂರು ಗೂಟ. ಜಲ್ಲಿಯಲ್ಲಿ ಗೂಟ ನಿಲ್ಲದು. ಖಾಲಿ ಗೋಣಿಗೆ ಕಲ್ಲು ತುಂಬಿ ಹೂತು ಅದಕ್ಕೆ ಹಗ್ಗ ಬಿಗಿಯುತ್ತಾರೆ. ಟೈರಿನ ಒಂದು ಟ್ಯೂಬ್, ಕೈಪಂಪು, ಸ್ಪಾರ್ಕ್ ಪ್ಲಗ್, ಬಿಗಿತಂತಿ, ಡಕ್ಟ್ ಟೇಪ್, ಎಂಜಿನ್ ಆಯಿಲ್, ಎರಡು ಸ್ಪ್ಯಾನರ್, ಇಷ್ಟು ಸಾಕು.

ಚಳಿಗಾಲದ ಬೇರೆ ಲೆಕ್ಕ

ಎಂಜಿನ್ ತಯಾರಕರು ಮಾದರಿಯನ್ನು ನೋಡಿಕೊಂಡು ಮೈನಸ್ 7ರಿಂದ ಮೈನಸ್ 12 ಡಿಗ್ರಿಗಿಂತ ಕೆಳಗೆ ಎಂಜಿನ್ ಬಿಸಿಮಾಡಿಯೇ ಚಾಲೂ ಮಾಡಿ ಎನ್ನುತ್ತಾರೆ. ಆಯಿಲ್ ಗಟ್ಟಿಯಾಗಿ ಹರಿಯದೆ ಲೋಹ ಲೋಹವನ್ನೇ ಉಜ್ಜುವುದು ಇದಕ್ಕೆ ಕಾರಣ. ಎಂಜಿನ್ನಿಗೆ ದಪ್ಪ ಕೌದಿಯಂಥ ಹೊದಿಕೆ, ಅದರಡಿ ಊದುವ ಸಣ್ಣ ಹೀಟರ್ ಒಯ್ಯಬೇಕು. ಹೀಟರ್ ಉರಿಯುವಾಗ ಪಕ್ಕ ಬಿಟ್ಟು ಕದಲಬೇಡಿ, ಹೊದಿಕೆಗೆ ಬೆಂಕಿ ತಗುಲಿ ಇಡೀ ವಿಮಾನ ಸುಟ್ಟೀತು. ಹಿಂದಿನವರು ಸಂಜೆ ಇಳಿದ ಕೂಡಲೆ ಆಯಿಲನ್ನು ಡಬ್ಬಕ್ಕೆ ಬಸಿದು ಒಳಗೊಯ್ದು, ಬೆಳಿಗ್ಗೆ ಒಲೆಯ ಮೇಲೆ ಕಾಯಿಸಿ ಸುರಿಯುತ್ತಿದ್ದರು.

ರೆಕ್ಕೆಗೂ ಹೊದಿಕೆ ಬೇಕು. ಮರಳುಕಾಗದದಷ್ಟು ತೆಳುವಾದ ಇಬ್ಬನಿಯ ಹೆಪ್ಪೂ ರೆಕ್ಕೆಯ ಎತ್ತುವ ಶಕ್ತಿಯನ್ನು ಕುಗ್ಗಿಸುತ್ತದೆ. ಹೊದಿಕೆ ಮರೆತವರು ಹಗ್ಗವನ್ನು ರೆಕ್ಕೆಯ ಮೇಲೆ ಹಾಕಿ, ಇಬ್ಬರು ಎರಡು ತುದಿ ಹಿಡಿದು ಗರಗಸದಂತೆ ಎಳೆದು ಕೆರೆಯುತ್ತಾರೆ.

ನೀವಿರುವ ಜಾಗ ಇನ್ನೊಬ್ಬರಿಗೆ ಗೊತ್ತಿರಲಿ

1972ರ ಅಕ್ಟೋಬರ್ 16ರಂದು ಆಂಕರೇಜ್‌ನಿಂದ ಜುನೋಗೆ ಹೊರಟ ಸೆಸ್ನಾ 310 ವಿಮಾನ ಅಮೆರಿಕ ಸಂಸತ್ತಿನ ಸದಸ್ಯರಾದ ಹೇಲ್ ಬಾಗ್ಸ್, ನಿಕ್ ಬೆಗಿಚ್ ಅವರ ಸಮೇತ ಕಾಣೆಯಾಯಿತು. 39 ದಿನ ಹುಡುಕಿದರು, ಇಂದಿಗೂ ಪತ್ತೆಯಿಲ್ಲ. ಅಪಘಾತದಲ್ಲಿ ತಾನಾಗಿ ಕೂಗುವ ಇಎಲ್‌ಟಿ ಪ್ರಸಾರಕ ಕಡ್ಡಾಯವಾಗಿ ಜಾರಿಗೆ ಬರುವ ಹೊತ್ತಿಗೆ ಈ ನೆನಪು ಇನ್ನೂ ಹಸಿಯಾಗಿತ್ತು.

ಇಎಲ್‌ಟಿ 406 ಮೆಗಾಹರ್ಟ್ಸ್‌ನದ್ದೇ ಇರಲಿ. ಹಳೆಯ 121.5ರ ಸಂಕೇತವನ್ನು ಉಪಗ್ರಹಗಳು 2009ರ ಫೆಬ್ರವರಿ 1ರಿಂದ ಆಲಿಸುತ್ತಿಲ್ಲ. ಪ್ರಸಾರಕವನ್ನು ನಿಮ್ಮ ಹೆಸರು, ಫೋನ್ ಸಂಖ್ಯೆಯೊಂದಿಗೆ ನೋಂದಾಯಿಸಿ. ಇಲ್ಲವಾದರೆ ಸಂಕೇತ ಸಿಕ್ಕರೂ ರಕ್ಷಣಾ ಸಿಬ್ಬಂದಿ ಯಾರಿಗೆ ಕರೆ ಮಾಡಬೇಕು? ಬಡಿತಕ್ಕೆ ಆಂಟೆನಾ ಮುರಿದರೆ ಇಎಲ್‌ಟಿ ಮೂಕ. ಜೇಬಿನ ಪಿಎಲ್‌ಬಿ ಇರುವುದು ಅದಕ್ಕೇ.

ಬಿದ್ದ ಜಾಗದಿಂದ ನಡೆದು ಹೊರಡಬೇಡಿ. ಕಾಡಿನಲ್ಲಿ ಮನುಷ್ಯನಿಗಿಂತ ವಿಮಾನವೇ ಮೇಲಿನಿಂದ ಬೇಗ ಕಾಣುತ್ತದೆ. ಹಿಮವಿದ್ದರೆ ಬೆಂಕಿಗೆ ಎಂಜಿನ್ ಆಯಿಲ್ ಸುರಿದು ಕಪ್ಪು ಹೊಗೆ ಎಬ್ಬಿಸಿ, ಹಸಿರು ಕಾಡಾದರೆ ಹಸಿ ಸೊಪ್ಪು ಹಾಕಿ ಬಿಳಿ ಹೊಗೆ. ನೆಲದ ಮೇಲೆ ರೆಂಬೆಗಳಿಂದ ಇಂಗ್ಲಿಷಿನ ವಿ ಅಕ್ಷರ ಮೂಡಿಸಿದರೆ ನೆರವು ಬೇಕು ಎಂದರ್ಥ, ಎಕ್ಸ್ ಆದರೆ ವೈದ್ಯರು ಬೇಕು.

ಹೊರಡುವ ಮುನ್ನ ದಾರಿ, ಹೊತ್ತು, ಜನರ ಸಂಖ್ಯೆ ತಿಳಿಸುವ ಫ್ಲೈಟ್ ಪ್ಲ್ಯಾನ್ ಸಲ್ಲಿಸಿ. ಹೇಳಿದ ಹೊತ್ತು ಮೀರಿ 30 ನಿಮಿಷವಾದರೂ ನಿಮ್ಮ ಸುಳಿವಿಲ್ಲದಿದ್ದರೆ ವಿಚಾರಣೆ ಶುರುವಾಗುತ್ತದೆ, ಮುಂದೆ ಹುಡುಕಾಟ. ಕ್ಷೇಮವಾಗಿ ಇಳಿದು, ಮೀನು ಸುಡುತ್ತ ಕೂತು, ಇಳಿದೆವೆಂದು ತಿಳಿಸಿ ಪ್ಲ್ಯಾನ್ ಮುಚ್ಚಿಸಲು ಮರೆತರೂ ಅಷ್ಟೇ.